ಗುಂಡು ಬೀಳಲಿ ಅಂತಲೇ ಕಟ್ಟಿದ ಹಡಗು

ರೇಡಿಯೋ ನಿಯಂತ್ರಣದ ಮಾದರಿ ಯುದ್ಧನೌಕೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ನಿಜವಾಗಲೂ ಗುಂಡು ಹಾರಿಸುತ್ತಾ? ಹೌದು, ಹಾರಿಸುತ್ತದೆ. 4.5 ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡು, ಏರ್‌ಗನ್‌ಗೆ ಹಾಕುವಂಥದ್ದೇ. ಎದುರಿನ ಹಡಗಿನ ಪಕ್ಕಕ್ಕೆ ತೂತು ಬೀಳುತ್ತದೆ, ಆ ತೂತಿನಿಂದ ನೀರು ನುಗ್ಗುತ್ತದೆ, ಜಾಸ್ತಿ ನುಗ್ಗಿದರೆ ಹಡಗು ಮುಳುಗುತ್ತದೆ. ಆಮೇಲೆ ಬರುವ ಪ್ರಶ್ನೆ, ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಮುಳುಗಿಸುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತೆ ಅಂತ. ಅದಕ್ಕೆ ಒಂದು ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಹಡಗನ್ನು ಶುರುವಿನಿಂದ ಕಟ್ಟಿ, ಕಾಳಗಕ್ಕೆ ಇಳಿಸಿ, ಕೆಸರಿನಿಂದ ಎತ್ತಿ, ಮತ್ತೆ ತೇಲಿಸಿದ ಅನುಭವ ಹೇಳುತ್ತೇನೆ, ಓದಿದ ಮೇಲೆ ನೀವೇ ನೋಡಿ.

ಮೊದಲು ಆಟದ ಕಟ್ಟುಪಾಡು ಸ್ವಲ್ಪ. ಈ ಹವ್ಯಾಸ ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಈಗ ಕೆನಡಾ, ಆಸ್ಟ್ರೇಲಿಯಾದಲ್ಲೂ ಆಡುವವರಿದ್ದಾರೆ. ಎಲ್ಲ ಹಡಗುಗಳೂ 1:144 ಅಳತೆಯಲ್ಲೇ ಇರಬೇಕು, ಅಂದರೆ ನಿಜವಾದ ಹಡಗಿನ 12 ಅಡಿ ಇಲ್ಲಿ 1 ಇಂಚು. ಮನಸ್ಸಿಗೆ ಬಂದ ಹಡಗು ಕಲ್ಪಿಸಿಕೊಂಡು ಕಟ್ಟುವ ಹಾಗಿಲ್ಲ. ಸರಿಸುಮಾರು 20ನೇ ಶತಮಾನದ ಆರಂಭದಿಂದ ಎರಡನೇ ಮಹಾಯುದ್ಧ ಮುಗಿಯುವ ತನಕದ ನಿಜವಾದ ಯುದ್ಧನೌಕೆಗಳನ್ನೇ ಕಟ್ಟಬೇಕು. ಇದರಲ್ಲಿ ಎರಡು ದೊಡ್ಡ ಪಂಥಗಳಿವೆ. 'ಬಿಗ್ ಗನ್' ಅನ್ನುವುದರಲ್ಲಿ ನಿಜವಾದ ಹಡಗಿನ ಫಿರಂಗಿ ದೊಡ್ಡದಿದ್ದಷ್ಟೂ ದೊಡ್ಡ ಗುಂಡು, ಕವಚ ದಪ್ಪವಿದ್ದಷ್ಟೂ ದಪ್ಪ ಮರದ ಹೊದಿಕೆ. 'ಫಾಸ್ಟ್ ಗನ್' ಅನ್ನುವುದರಲ್ಲಿ ಎಲ್ಲರಿಗೂ ಒಂದೇ ಗಾತ್ರದ ಗುಂಡು, ಎಲ್ಲರಿಗೂ ತೆಳು ಹೊದಿಕೆ, ಓಟ ಚುರುಕು. ನಾನು ಹಿಡಿದದ್ದು ಎರಡನೆಯದು.

ಯಾವ ಹಡಗು ಕಟ್ಟಬೇಕು ಅನ್ನುವುದರಲ್ಲೇ ಅರ್ಧ ಸುಖ ಇದೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಜಪಾನಿನ ಯಮಾಟೊ ಕಡೆಗೆ. ಅದರ ಉದ್ದ 263 ಮೀಟರ್. 144ರಿಂದ ಭಾಗಿಸಿದರೆ ಒಂದೂಮುಕ್ಕಾಲು ಮೀಟರ್‌ಗಿಂತ ಜಾಸ್ತಿ. ತೂಕಕ್ಕೆ 144ರ ಘನದಿಂದ ಭಾಗಿಸಬೇಕು, ಆಗ 24 ಕೆಜಿ ಬರುತ್ತದೆ. ನೀರು ತುಂಬಿದ ಆ ಹಡಗನ್ನು ಕೆರೆಯ ತಳದಿಂದ ಎತ್ತುವುದನ್ನು ಯೋಚಿಸಿ. ಇನ್ನೊಂದು ತುದಿಯಲ್ಲಿ ಡಿಸ್ಟ್ರಾಯರ್ ಅನ್ನುವ ಸಣ್ಣ, ಚುರುಕಾದ ಯುದ್ಧನೌಕೆಗಳಿವೆ, ಎಷ್ಟು ಸಪೂರ ಅಂದರೆ ಒಳಗೆ ಬ್ಯಾಟರಿ ಇಟ್ಟರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ.

ನಾನು ಆರಿಸಿದ್ದು ಜರ್ಮನಿಯ ಫಾನ್ ಡೆರ್ ಟಾನ್. ಹ್ಯಾಂಬರ್ಗ್‌ನಲ್ಲಿ ಕಟ್ಟಿ, 1909ರಲ್ಲಿ ನೀರಿಗಿಳಿಸಿ, 1910ರಲ್ಲಿ ಸೇವೆಗೆ ಸೇರಿಸಿದ ಹಡಗು. ಜರ್ಮನರ ಮೊದಲ ಬ್ಯಾಟಲ್‌ಕ್ರೂಸರ್, ಅಂದರೆ ದೊಡ್ಡ ಫಿರಂಗಿಗಳಿದ್ದೂ ವೇಗವಾಗಿ ಓಡುವ ಯುದ್ಧನೌಕೆ. ಉದ್ದ 171.7 ಮೀಟರ್, ಅಗಲ 26.6 ಮೀಟರ್. ಮಾದರಿಯಲ್ಲಿ ಅದು ಹೆಚ್ಚುಕಡಿಮೆ 1.19 ಮೀಟರ್ ಉದ್ದ, 18.5 ಸೆಂಟಿಮೀಟರ್ ಅಗಲ, ಆರೂವರೆ ಕೆಜಿ ತೂಕ. ಒಬ್ಬರೇ ಎರಡು ಕೈಯಲ್ಲಿ ಹಿಡಿದು ದಡಕ್ಕೆ ತರಬಹುದು, ಒಳಗೆ ಕೈಯಾಡಿಸುವುದಕ್ಕೂ ಜಾಗ ಇದೆ. ಮುಂದೆ ಒಂದು ಫಿರಂಗಿ ಗೋಪುರ, ಹಿಂದೆ ಒಂದು, ಎರಡು ಪಕ್ಕಗಳಲ್ಲಿ ಒಂದೊಂದು. ಪಕ್ಕದ ಆ ಎರಡು ಗೋಪುರಗಳು ಕಾಳಗದಲ್ಲಿ ತುಂಬಾ ಉಪಯೋಗಕ್ಕೆ ಬರುತ್ತವೆ.

ಲೆಕ್ಕಾಚಾರ ಒಂದು ಕಡೆ ಇರಲಿ, ಆ ಹಡಗಿನ ಕತೆಯೇ ನನ್ನನ್ನು ಹಿಡಿದುಬಿಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ, 1916ರ ಮೇ 31ರಂದು, ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವೆ ನಡೆದ ಜಟ್ಲೆಂಡ್ ಕಾಳಗದಲ್ಲಿ ಬ್ರಿಟನ್ನಿನ ಇಂಡಿಫ್ಯಾಟಿಗಬಲ್ ಅನ್ನುವ ಹಡಗನ್ನು ಸ್ಫೋಟಿಸಿ ಮುಳುಗಿಸಿದ್ದು ಇದೇ. ಆ ಒಂದು ಹಡಗಿನಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ದಿನ ಫಾನ್ ಡೆರ್ ಟಾನ್‌ನ ದೊಡ್ಡ ಫಿರಂಗಿಗಳೂ ಏಟು ತಿಂದು, ಕೆಟ್ಟು, ಸ್ವಲ್ಪ ಹೊತ್ತು ಒಂದೂ ಹಾರದ ಸ್ಥಿತಿಗೆ ಬಂದಿದ್ದವು. ಆದರೂ ಅದು ಸಾಲು ಬಿಟ್ಟು ಹೋಗಲಿಲ್ಲ. ತಾನು ಅಲ್ಲೇ ಇದ್ದರೆ ಶತ್ರುವಿನ ಗುಂಡುಗಳು ಹಂಚಿಹೋಗುತ್ತವೆ, ಜೊತೆಯ ಹಡಗುಗಳ ಮೇಲೆ ಬೀಳುವುದು ಕಡಿಮೆಯಾಗುತ್ತದೆ ಅನ್ನುವ ಲೆಕ್ಕ. ಕೊನೆಗೆ ಯುದ್ಧ ಸೋತ ಮೇಲೆ, 1919ರ ಜೂನ್ 21ರಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ, ಬ್ರಿಟಿಷರ ಕೈಗೆ ಸಿಗಬಾರದು ಅಂತ ಅದರ ಸಿಬ್ಬಂದಿಯೇ ಅದನ್ನು ಮುಳುಗಿಸಿದರು. ಇಂಥ ಹಡಗನ್ನು ಕಟ್ಟುವಾಗ ಪ್ರತಿ ಗೋಪುರ ಕೂರಿಸುವಾಗಲೂ ಅಲ್ಲಿದ್ದ ಜನ ನೆನಪಾಗುತ್ತಾರೆ. ಕಾಳಗ ಅನ್ನುವ ಪದವನ್ನು ನಾವು ಆಟದಲ್ಲಿ ಬಳಸುತ್ತೇವೆ, ನಿಜ. ಆದರೆ ಇದರಲ್ಲಿ ಇರುವ ಯಾರೂ ಆ ಇತಿಹಾಸವನ್ನು ಹಗುರವಾಗಿ ತೆಗೆದುಕೊಂಡಿದ್ದನ್ನು ನಾನು ನೋಡಿಲ್ಲ.

ಹಡಗಿನ ಒಡಲು ಫೈಬರ್ ಗ್ಲಾಸಿನದು. ಅಚ್ಚಿನಿಂದ ತೆಗೆದಾಗ ನುಣ್ಣಗೆ, ಗಟ್ಟಿಯಾಗಿ, ನೋಡುವುದಕ್ಕೆ ಅಷ್ಟು ಚೆನ್ನಾಗಿರುತ್ತದೆ. ಆಮೇಲೆ ಮಾಡಬೇಕಾದ ಮೊದಲ ಕೆಲಸ, ಅದರ ಎರಡೂ ಪಕ್ಕಗಳನ್ನು ಕತ್ತರಿಸಿ ತೆಗೆಯುವುದು! ಡೆಕ್‌ನಿಂದ ಹಿಡಿದು ನೀರಿನ ಮಟ್ಟಕ್ಕಿಂತ ಒಂದು ಇಂಚು ಕೆಳಗಿನ ತನಕ ಕಿಟಕಿಗಳ ಸಾಲು ಕೊಯ್ಯಬೇಕು. ನಡುನಡುವೆ ಪಕ್ಕೆಲುಬಿನ ಥರ ಸಣ್ಣ ಪಟ್ಟಿಗಳಷ್ಟೇ ಉಳಿಯುತ್ತವೆ. ಆ ಪಟ್ಟಿ ಎಷ್ಟು ಅಗಲ ಇರಬಹುದು, ಎಷ್ಟು ದೂರಕ್ಕೊಂದು ಬರಬಹುದು ಅನ್ನುವುದಕ್ಕೆಲ್ಲ ನಿಯಮ ಇದೆ. ಇಲ್ಲದಿದ್ದರೆ ಎಲ್ಲರೂ ಪಟ್ಟಿಗಳನ್ನು ಅಗಲ ಮಾಡಿ ಕವಚ ಮಾಡಿಕೊಂಡುಬಿಡುತ್ತಿದ್ದರು, ಅಲ್ವಾ. ಕತ್ತರಿಸುವಾಗ ಏಳುವ ಗಾಜಿನ ಪುಡಿ ಚರ್ಮಕ್ಕೂ ಶ್ವಾಸಕೋಶಕ್ಕೂ ಕೆಟ್ಟದ್ದು. ಮಾಸ್ಕ್, ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ಬಯಲಲ್ಲೇ ಕೂತು ಮಾಡಬೇಕಾದ ಕೆಲಸ ಇದು.

ಕಿಟಕಿ ಕೊಯ್ದ ಒಡಲು ಕೈಯಲ್ಲಿ ಹಿಡಿದರೆ ಬಾಗುತ್ತದೆ. ಆಗ ಮೇಲುಗಡೆ ತೆಳು ಪ್ಲೈವುಡ್‌ನ ಚೌಕಟ್ಟನ್ನು ಎಪಾಕ್ಸಿ ಅನ್ನುವ ಗಟ್ಟಿ ಅಂಟಿನಲ್ಲಿ ಅಂಟಿಸಿದರೆ ಮತ್ತೆ ಬಿಗಿಯಾಗುತ್ತದೆ. ಈ ಚೌಕಟ್ಟಿನ ಮೇಲೇ ಡೆಕ್ ಕೂರುತ್ತದೆ. ಡೆಕ್ ಸುಲಭವಾಗಿ ಎತ್ತುವ ಹಾಗಿರಬೇಕು, ಆದರೆ ಅದರ ಅಂಚಿನಿಂದ ನೀರು ಒಳಗಿಳಿಯಬಾರದು. ಈ ಎರಡೂ ಒಟ್ಟಿಗೆ ಆಗುವುದಕ್ಕೆ ಉಜ್ಜಿ, ಕೂರಿಸಿ, ಮತ್ತೆ ಉಜ್ಜಿ ನೋಡುತ್ತಲೇ ಇರಬೇಕು.

ಈಗ ಈ ಹವ್ಯಾಸದ ಜೀವಾಳಕ್ಕೆ ಬರುತ್ತೇನೆ. ಫಿರಂಗಿ ಹೇಗೆ ಹಾರುತ್ತೆ ಅನ್ನುವ ಆಸೆಯಲ್ಲೇ ಎಲ್ಲರೂ ಬರುವುದು, ನಾನೂ ಹಾಗೇ ಬಂದಿದ್ದು. ನಮ್ಮ ಗುಂಪಿನ ಹಿರಿಯರೊಬ್ಬರು ನನ್ನ ಖಾಲಿ ಒಡಲನ್ನು ತಿರುಗಿಸಿ ತಿರುಗಿಸಿ ನೋಡಿ, "ಫಿರಂಗಿ ಎಲ್ಲಿ ಇಡ್ತೀಯ ಅನ್ನೋದು ಆಮೇಲೆ ನೋಡೋಣಪ್ಪ. ಒಳಗೆ ಬಂದ ನೀರು ಯಾವ ದಾರೀಲಿ ಪಂಪ್ ಹತ್ರ ಹೋಗುತ್ತೆ, ಅದನ್ನ ತೋರಿಸು" ಅಂದರು. "ಇನ್ನೂ ಯೋಚಿಸಿಲ್ಲ ಸರ್" ಅಂದೆ. "ಹಾಗಿದ್ರೆ ಅದನ್ನೇ ಮೊದಲು ಕಟ್ಟು" ಅಂದರು. ಇಡೀ ಹಡಗನ್ನು ನಾನು ಆ ಮಾತಿನ ಸುತ್ತಲೇ ಕಟ್ಟಿದೆ.

ವಿಷಯ ಏನೆಂದರೆ, ಅಗಲವಾದ ತಟ್ಟೆಯಲ್ಲಿ ನೀರು ಹಿಡಿದು ನಡೆದರೆ ಹೇಗೆ ಆ ಕಡೆ ಈ ಕಡೆ ಓಡುತ್ತದೋ, ಹಡಗಿನ ತಳದಲ್ಲಿ ನಿಂತ ನೀರೂ ಹಾಗೇ. ಹಡಗು ಸ್ವಲ್ಪ ವಾಲಿದರೆ ನೀರೆಲ್ಲ ಅದೇ ಕಡೆಗೆ ಹೋಗಿ ಇನ್ನೂ ವಾಲಿಸುತ್ತದೆ. ತೂಕದಿಂದ ಮುಳುಗುವುದಕ್ಕಿಂತ ಎಷ್ಟೋ ಮೊದಲೇ ಹಡಗು ಮಗುಚಿಕೊಳ್ಳುತ್ತದೆ. ಇದು ಮಾದರಿಗಳಿಗಷ್ಟೇ ಅಲ್ಲ. 1987ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಝೀಬ್ರುಗ್ಗ ಬಂದರಿನ ಹೊರಗೆ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನುವ ದೊಡ್ಡ ಫೆರ್ರಿ ಮಗುಚಿದ್ದೂ ಹೀಗೇ. ಮುಂದಿನ ಬಾಗಿಲು ತೆರೆದೇ ಇತ್ತು, ಕಾರು ನಿಲ್ಲಿಸುವ ಅಗಲವಾದ ಡೆಕ್ ಮೇಲೆ ನೀರು ಹರಡಿಕೊಂಡಿತು, ನೋಡನೋಡುತ್ತಿದ್ದಂತೆ ಹಡಗು ಒರಗಿತು. 193 ಜನ ಸತ್ತರು.

ಹಾಗಾಗಿ ತಳವನ್ನು ಖಾಲಿ ಬಿಡುವುದಿಲ್ಲ. ಎರಡೂ ಪಕ್ಕಗಳಲ್ಲಿ ನೀರು ಹೀರದ ಫೋಮ್ ತುಂಬಿ, ಮೇಲೆ ಎಪಾಕ್ಸಿ ಬಳಿದು, ನಟ್ಟನಡುವೆ ಮಾತ್ರ ಉದ್ದಕ್ಕೂ ಒಂದು ಕಾಲುವೆ ಬಿಡಬೇಕು. ತೂತು ಎಲ್ಲೇ ಬಿದ್ದರೂ ನೀರು ಇಳಿಜಾರಿನಲ್ಲಿ ಜಾರಿ ಆ ಕಾಲುವೆಗೆ ಬರಬೇಕು, ಅಲ್ಲಿಂದ ಪಂಪ್ ಇರುವ ಗುಂಡಿಗೆ ಹೋಗಬೇಕು. ಎಷ್ಟು ತುಂಬಬಹುದು, ಎಲ್ಲಿಯ ತನಕ ತುಂಬಬಹುದು ಅನ್ನುವುದಕ್ಕೂ ಮಿತಿ ಇದೆ. ಸುಮ್ನೆ ಇಡೀ ಹಡಗನ್ನೇ ಫೋಮಿನಿಂದ ತುಂಬಿ ಮುಳುಗದ ಹಾಗೆ ಮಾಡುವುದಕ್ಕೆ ಯಾರೂ ಬಿಡುವುದಿಲ್ಲ. ನಾನು ಕಾಲುವೆ ಮಾಡಿ ಮುಗಿಸಿದ ಮೇಲೆ ಒಂದು ಲೋಟ ನೀರನ್ನು ಬೇರೆ ಬೇರೆ ಕಡೆ ಸುರಿದು ನೋಡಿದೆ. ಮೂತಿಯ ಹತ್ತಿರ ಸುರಿದದ್ದು ಒಂದು ತೊಟ್ಟೂ ನಿಲ್ಲದೆ ಪಂಪಿನ ಗುಂಡಿಗೆ ಇಳಿದಾಗ ಆದ ಖುಷಿ, ಮೊದಲ ಗುಂಡು ಹಾರಿಸಿದಾಗಿನದಕ್ಕಿಂತ ಜಾಸ್ತಿ.

ಪಂಪಿನ ಲೆಕ್ಕ ನೋಡಿ, ಆಸಕ್ತಿ ಹುಟ್ಟುತ್ತದೆ. ಪಂಪ್ ಎಷ್ಟೇ ಬಲವಾಗಿರಲಿ, ನೀರು ಹೊರಬರುವ ಬಾಯಿ ಮಾತ್ರ ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ದೊಡ್ಡದಿರುವ ಹಾಗಿಲ್ಲ, ಅಂದರೆ ಸುಮಾರು 3.2 ಮಿಲಿಮೀಟರ್. ನನ್ನದನ್ನು ಅಳತೆ ಪಾತ್ರೆಯಲ್ಲಿ ಹಿಡಿದರೆ ನಿಮಿಷಕ್ಕೆ ಎರಡೂವರೆ ಲೀಟರ್ ಆಸುಪಾಸು ಬರುತ್ತದೆ. ಈಗ ನೀರಿನ ಮಟ್ಟಕ್ಕಿಂತ ಎರಡು ಸೆಂಟಿಮೀಟರ್ ಕೆಳಗೆ ಒಂದು ಗುಂಡು ಬಿತ್ತು ಅಂದುಕೊಳ್ಳಿ. ಆ ತೂತಿನಿಂದ ನಿಮಿಷಕ್ಕೆ ಮೂರನೇ ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಒಳಗೆ ಬರುತ್ತದೆ. ಅಂಥ ಆರೇಳು ತೂತುಗಳ ತನಕ ಪಂಪ್ ಸಂಭಾಳಿಸುತ್ತದೆ. ಅದು ದಾಟಿದರೆ ಹಡಗು ನಿಧಾನಕ್ಕೆ ಕುಸಿಯಲು ಶುರುವಾಗುತ್ತದೆ. ಕುಸಿದಾಗ ಆಗುವುದೇನು? ಅಲ್ಲಿಯ ತನಕ ನೀರಿನ ಮೇಲಿದ್ದ, ಯಾವ ತೊಂದರೆಯನ್ನೂ ಕೊಡದ ತೂತುಗಳೆಲ್ಲ ಒಂದೊಂದಾಗಿ ನೀರೊಳಗೆ ಹೋಗುತ್ತವೆ. ಕೆಳಗಿನ ತೂತುಗಳು ಇನ್ನೂ ಆಳಕ್ಕೆ ಹೋಗಿ ಇನ್ನೂ ರಭಸವಾಗಿ ನೀರು ಎಳೆಯುತ್ತವೆ. ಹತ್ತು ನಿಮಿಷ ಆರಾಮಾಗಿ ಓಡಿದ ಹಡಗು ಅರ್ಧ ನಿಮಿಷದಲ್ಲಿ ಮಾಯವಾಗುವುದು ಇದೇ ಕಾರಣಕ್ಕೆ.

ಜಟ್ಲೆಂಡ್‌ನಿಂದ ವಾಪಸ್ ಬಂದ ಸೇಡ್ಲಿಟ್ಸ್ ಅನ್ನುವ ಇನ್ನೊಂದು ಜರ್ಮನ್ ಬ್ಯಾಟಲ್‌ಕ್ರೂಸರ್ ಒಳಗೆ 5,300 ಟನ್‌ಗೂ ಜಾಸ್ತಿ ನೀರಿತ್ತು. ಸುಮಾರು 25,000 ಟನ್ನಿನ ಹಡಗು ಅದು. ನಮ್ಮ ಅಳತೆಗೆ ಇಳಿಸಿದರೆ ಎಂಟು ಚಿಲ್ಲರೆ ಕೆಜಿಯ ಮಾದರಿಯೊಳಗೆ ಒಂದೂಮುಕ್ಕಾಲು ಲೀಟರ್ ನೀರು. ಕೇಳುವುದಕ್ಕೆ ಕಡಿಮೆ ಅನಿಸಬಹುದು. ಅಷ್ಟು ನೀರನ್ನು ನನ್ನ ಹಡಗಿಗೆ ಸುರಿದು ತೇಲಿಸಿ ನೋಡಿದ್ದೇನೆ, ಮುಂದಿನ ಡೆಕ್ ನೀರಿಗೆ ತಾಗುತ್ತಿತ್ತು. ಆ ಸ್ಥಿತಿಯಲ್ಲಿ ಅದನ್ನು ಮನೆ ಸೇರಿಸಿದ ನಾವಿಕರ ಬಗ್ಗೆ ಗೌರವ ಬರದೆ ಇರುವುದಿಲ್ಲ.

ಓಡಿಸುವ ಯಂತ್ರದಲ್ಲಿ ಅಷ್ಟೇನೂ ವಿಶೇಷ ಇಲ್ಲ. ಮೋಟಾರ್, ಗೇರ್, ಶಾಫ್ಟ್, ಪ್ರೊಪೆಲ್ಲರ್. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್. ನೀರಲ್ಲಿ ನೆನೆಯುವುದು ಗ್ಯಾರಂಟಿ ಇರುವ ಕಡೆ ಲಿಥಿಯಂ ಪಾಲಿಮರ್ ಇಡುವುದಕ್ಕೆ ನನಗೆ ಧೈರ್ಯ ಇಲ್ಲ. ವೇಗದ ವಿಷಯ ಮಾತ್ರ ಹೇಳಬೇಕು. ವಿಲಿಯಂ ಫ್ರೌಡ್ ಅನ್ನುವ ಇಂಗ್ಲಿಷ್ ಇಂಜಿನಿಯರ್ 19ನೇ ಶತಮಾನದಲ್ಲೇ ಕಂಡುಕೊಂಡ ಹಾಗೆ, ಮಾದರಿ ಹಡಗು ಎಬ್ಬಿಸುವ ಅಲೆ ನಿಜವಾದ ಹಡಗಿನ ಅಲೆಯಂತೆ ಕಾಣಬೇಕಾದರೆ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. 144ರ ವರ್ಗಮೂಲ 12. ಫಾನ್ ಡೆರ್ ಟಾನ್ 27 ನಾಟ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್ ಓಡುತ್ತಿತ್ತು, ನಮ್ಮದು ಅದರ ಹನ್ನೆರಡನೇ ಒಂದು ಭಾಗ, ಸೆಕೆಂಡಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಮೇಲೆ. ಆ ವೇಗದಲ್ಲಿ ಮೂತಿಯ ಎರಡು ಕಡೆ ಅಲೆ ಬಿಚ್ಚಿಕೊಂಡು ಹೋಗುವುದನ್ನು ನೋಡಿದರೆ ಹಳೆಯ ಫೋಟೋ ಒಂದಕ್ಕೆ ಜೀವ ಬಂದಂತೆ ಕಾಣುತ್ತದೆ.

ಫಿರಂಗಿ ಕಟ್ಟುವುದಕ್ಕೆ ತಾಳ್ಮೆ ಬೇಕು. ಒಂದು ಸಣ್ಣ ಸಿಲಿಂಡರ್‌ನಲ್ಲಿ ದ್ರವರೂಪದ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಬಿಸಿಲಿನ ದಿನ ಅದರ ಒಳಗಿನ ಒತ್ತಡ 800 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟುತ್ತದೆ. ರೆಗ್ಯುಲೇಟರ್ ಅದನ್ನು 150ಕ್ಕೆ ಇಳಿಸುತ್ತದೆ, ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಅಲ್ಲಿಂದ ಪೈಪಿನಲ್ಲಿ ಪ್ರತಿ ಫಿರಂಗಿಯ ಹಿಂದಿರುವ ಪುಟ್ಟ ಡಬ್ಬಿಗೆ ಗ್ಯಾಸ್ ಬಂದು ಕೂರುತ್ತದೆ. ರೇಡಿಯೋದಲ್ಲಿ ಕಡ್ಡಿ ತಳ್ಳಿದರೆ ಸರ್ವೋ ಅನ್ನುವ ಪುಟ್ಟ ಮೋಟಾರ್ ಒಂದು ವಾಲ್ವನ್ನು ಒತ್ತುತ್ತದೆ, ಡಬ್ಬಿಯ ಗ್ಯಾಸ್ ಒಮ್ಮೆಲೇ ನುಗ್ಗುತ್ತದೆ, ರಬ್ಬರ್ ಬಳೆಯೊಂದು ತಡೆದಿಟ್ಟಿದ್ದ ಗುಂಡು ಹಾರುತ್ತದೆ. ಮುಂದಿನ ಗುಂಡು ಅದರ ಜಾಗಕ್ಕೆ ಉರುಳಿ ಬರುತ್ತದೆ. ಹೇಳುವುದು ಇಷ್ಟೇ. ಆದರೆ ಆ ರಬ್ಬರ್ ಬಳೆ ಒಂದು ಕೂದಲಿನಷ್ಟು ಸಡಿಲ ಇದ್ದರೆ ಒಂದೇ ಸಲಕ್ಕೆ ನಾಲ್ಕು ಗುಂಡು ಸುರಿದುಹೋಗುತ್ತವೆ, ಬಿಗಿ ಇದ್ದರೆ ಒಂದೂ ಬರುವುದಿಲ್ಲ. ಮೇಜಿನ ಮೇಲೆ, ಎದುರಿಗೆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಹೊಂದಿಸುತ್ತಾ ಕೂರಬೇಕು. ಬೇಗ ಬೇಗ ಹಾರಿಸಿದರೆ ರೆಗ್ಯುಲೇಟರ್ ತಣ್ಣಗಾಗಿ ಹಿಮ ಕಟ್ಟುವುದೂ ಉಂಟು.

ಫಿರಂಗಿಯ ಕೋನದಲ್ಲಿ ಒಂದು ವಿಚಾರ ಅಡಗಿದೆ. ಪಾಯಿಂಟುಗಳು ಹೀಗಿವೆ: ನೀರಿನ ಮಟ್ಟಕ್ಕಿಂತ ಮೇಲೆ ಬಿದ್ದ ತೂತಿಗೆ 10, ಸರಿಯಾಗಿ ಮಟ್ಟದಲ್ಲಿ ಬಿದ್ದದ್ದಕ್ಕೆ 25, ಕೆಳಗೆ ಬಿದ್ದದ್ದಕ್ಕೆ 50. ಮುಳುಗಿಸಿದರೆ ಬೇರೆ. ಆದ್ದರಿಂದ ಪಕ್ಕದ ಫಿರಂಗಿಗಳನ್ನು ಸ್ವಲ್ಪ ಕೆಳಮುಖ ಮಾಡಿ, ಒಂದು ಮೀಟರ್ ದೂರದಲ್ಲಿ ಗುಂಡು ನೀರಿನ ಮಟ್ಟಕ್ಕೆ ತಾಗುವ ಹಾಗೆ ಇಡುತ್ತಾರೆ. ಇದರ ಅರ್ಥ, ಹೊಡೆಯಬೇಕಾದರೆ ಅಷ್ಟು ಹತ್ತಿರ ಹೋಗಬೇಕು. ಅಷ್ಟು ಹತ್ತಿರ ಹೋದರೆ ಹೊಡೆಸಿಕೊಳ್ಳಬೇಕು.

ಕೊನೆಗೆ ಹೊದಿಕೆ. ಬಾಲ್ಸಾ ಮರದ ಹಾಳೆ, ದಪ್ಪ ಒಂದು ಇಂಚಿನ 32ನೇ ಒಂದು ಭಾಗ, ಅಂದರೆ 0.8 ಮಿಲಿಮೀಟರ್. ಬೆರಳಲ್ಲಿ ಒತ್ತಿದರೆ ಮುರಿಯುತ್ತದೆ. ಮರದ ಎಳೆ ಹಡಗಿನ ಉದ್ದಕ್ಕೆ ಬರುವ ಹಾಗೆ ಅಂಟಿಸಿ, ಅದರ ಮೇಲೆ ವಿಮಾನದ ಮಾದರಿಗಳಿಗೆ ಬಳಸುವ ತೆಳು ರೇಷ್ಮೆ ಕಾಗದವನ್ನು ಡೋಪ್ ಅನ್ನುವ ವಾರ್ನಿಶ್ ಥರದ ದ್ರವ ಹಚ್ಚಿ ಕೂರಿಸುತ್ತೇವೆ. ಕಾಗದ ಇಲ್ಲದಿದ್ದರೆ ಗುಂಡು ಬಿದ್ದ ಕಡೆ ಎಳೆಯ ಉದ್ದಕ್ಕೂ ಸೀಳು ಓಡಿ ಒಂದು ಪಟ್ಟಿಯೇ ಕಿತ್ತುಬರುತ್ತದೆ. ಕಾಗದ ಇದ್ದರೆ ತೂತು ಗುಂಡಿನಷ್ಟೇ ಉಳಿಯುತ್ತದೆ, ಕೆಲವು ಸಲ ಎಳೆಗಳು ಅರ್ಧ ಮುಚ್ಚಿಕೊಳ್ಳುವುದೂ ಇದೆ. ಬಾಗಿದ ಹಿಂಭಾಗಕ್ಕೆ ಹಾಳೆಯನ್ನು ಬಿಸಿನೀರಲ್ಲಿ ನೆನೆಸಿ, ಕಟ್ಟಿ, ಒಣಗಿಸಿ ಆಮೇಲೆ ಅಂಟಿಸಬೇಕು. ಬೂದು ಬಣ್ಣ ಬಳಿದ ಮೇಲೆ ಅದು ಉಕ್ಕಿನ ಹಡಗೇ. ಮೇಲಿನ ಗೋಪುರ, ಹೊಗೆ ಕೊಳವೆ, ಕಂಬಗಳನ್ನು ಆದಷ್ಟೂ ಹಗುರ ಮಾಡಿದೆ. ಮೇಲೆ ಭಾರ ಜಾಸ್ತಿಯಾದಷ್ಟೂ ಹಡಗು ತೂಗಾಡುತ್ತದೆ.

ರೇಡಿಯೋದ ರಿಸೀವರನ್ನು ನೀರು ಹೋಗದ ಡಬ್ಬಿಯಲ್ಲಿ ಮುಚ್ಚಿಟ್ಟು, ಆಂಟೆನಾವನ್ನು ಮಾತ್ರ ಆದಷ್ಟು ಎತ್ತರಕ್ಕೆ, ಮೇಲುಗಟ್ಟಿನೊಳಗೆ ತಂದೆ. 2.4 ಗಿಗಾಹರ್ಟ್ಸ್ ಸಂಕೇತ ನೀರಿನೊಳಗೆ ದಾಟುವುದೇ ಇಲ್ಲ ಅನ್ನಬಹುದು. ಹಡಗು ಅರ್ಧ ಮುಳುಗಿದಾಗಲೂ ಪಂಪ್ ನಿಮ್ಮ ಮಾತು ಕೇಳಬೇಕಾದರೆ ಆಂಟೆನಾ ನೀರಿನ ಮೇಲಿರಬೇಕು. ಇನ್ನೊಂದು ಕಡ್ಡಾಯ, ದಾರ ಕಟ್ಟಿದ ಒಂದು ತೇಲುವ ಬೆಂಡು. ಹಡಗು ಮುಳುಗಿದ ಕೂಡಲೇ ಅದು ಬಿಚ್ಚಿಕೊಂಡು ಮೇಲೆ ಬರುತ್ತದೆ, ಕಲಕಿದ ನೀರಿನಲ್ಲಿ ಹಡಗು ಎಲ್ಲಿದೆ ಅಂತ ತೋರಿಸುತ್ತದೆ.

ಕಾಳಗದ ದಿನ ಮೊದಲು ತಪಾಸಣೆ. ತೂಕ, ವೇಗ, ಗ್ಯಾಸಿನ ಒತ್ತಡ, ಕಿಟಕಿಗಳ ಅಳತೆ ಎಲ್ಲ ನೋಡುತ್ತಾರೆ. ಕಣ್ಣಿಗೆ ಕನ್ನಡಕ ಇಲ್ಲದೆ ದಡದ ಹತ್ತಿರ ಯಾರೂ ಬರುವ ಹಾಗಿಲ್ಲ. ಆಡುವವರಿರಲಿ, ನೋಡುವುದಕ್ಕೆ ಬಂದವರಿರಲಿ, ಮಕ್ಕಳಿರಲಿ. ಈ ಒಂದು ವಿಷಯದಲ್ಲಿ ಸಡಿಲ ಮಾಡುವ ಗುಂಪಿನ ಜೊತೆ ನಾನು ಆಡುವುದಿಲ್ಲ. ಉಕ್ಕಿನ ಗುಂಡು ನೀರಿನ ಮೇಲೆ ಪುಟಿದು ಎಲ್ಲಿಗೆ ಬೇಕಾದರೂ ಬರಬಹುದು.

ಎರಡು ತಂಡ ಮಾಡಿಕೊಂಡು ಹಡಗುಗಳನ್ನು ಬಿಟ್ಟೆವು. ಮೊದಲ ಕೆಲವು ನಿಮಿಷ ಎಲ್ಲರೂ ದೂರದಲ್ಲೇ ಸುತ್ತುತ್ತಿದ್ದರು. ಆಮೇಲೆ ಯಾರೋ ಒಬ್ಬರು ಒಳಗೆ ನುಗ್ಗಿದರು, ಅಲ್ಲಿಂದ ಮುಂದೆ ಟಪ್ ಟಪ್ ಅನ್ನುವ ಗ್ಯಾಸಿನ ಸದ್ದು, ಬಾಲ್ಸಾ ಒಡೆಯುವ ಸದ್ದು, ದಡದಲ್ಲಿ ಕೂಗಾಟ. ಎಡಕ್ಕೆ ಜೋರಾಗಿ ತಿರುಗಿದರೆ ಹಡಗು ಬಲಕ್ಕೆ ವಾಲುತ್ತದೆ. ಆಗ ಎಡ ಪಕ್ಕದ ಒದ್ದೆ ಭಾಗ, ಸಾಮಾನ್ಯವಾಗಿ ನೀರೊಳಗೆ ಅಡಗಿರುವ ಭಾಗ, ಮೇಲಕ್ಕೆ ಬರುತ್ತದೆ. ಪಳಗಿದವರು ಕಾಯುವುದು ಅದಕ್ಕೇ. ನಾನು ಒಂದು ಹಡಗನ್ನು ಹಿಂದಿನ ಫಿರಂಗಿಯಿಂದ ಹೊಡೆಯುತ್ತಾ ದೂರ ಎಳೆದುಕೊಂಡು ಹೋಗುತ್ತಿದ್ದೆ, ತಿರುಗುವಲ್ಲಿ ಇನ್ನೊಂದು ಹಡಗು ಒಳಭಾಗಕ್ಕೆ ಬಂದು ಪಕ್ಕದ ಫಿರಂಗಿ ಖಾಲಿ ಮಾಡಿತು. ಅಷ್ಟು ಚೆನ್ನಾಗಿ ಓಡಿಸಿದರು ಅವರು, ನಾನು ದಡದಲ್ಲೇ ಭಲೇ ಅಂದೆ.

ಪಂಪಿನ ನೀರು ಡೆಕ್ ಮೇಲಿಂದ ಚಿಮ್ಮುವುದು ಎಲ್ಲರಿಗೂ ಕಾಣುತ್ತದೆ. ಬಿಟ್ಟು ಬಿಟ್ಟು ಚಿಮ್ಮುತ್ತಿದ್ದರೆ ಹಡಗು ಆರಾಮಾಗಿದೆ. ನಿಲ್ಲದೆ ಗಟ್ಟಿ ಧಾರೆ ಬರುತ್ತಿದ್ದರೆ ಒಳಗೆ ನೀರು ನಿಂತಿದೆ ಅಂತ ಅರ್ಥ. ನನ್ನದು ಗಟ್ಟಿ ಧಾರೆಗೆ ತಿರುಗಿದ್ದು ನೋಡಿ ಎದುರು ತಂಡದ ಎಲ್ಲ ಮೂತಿಗಳೂ ನನ್ನ ಕಡೆ ತಿರುಗಿದವು. ಆಗ ನಾನು ಐದು ಅಂತ ಕೂಗಿದೆ. ಹಾಗೆ ಕೂಗಿದ ಮೇಲೆ ಐದು ನಿಮಿಷ ನೀರಲ್ಲೇ ಉಳಿದುಕೊಂಡರೆ ಹಡಗನ್ನು ಎತ್ತಿಕೊಳ್ಳಬಹುದು. ಆ ಐದು ನಿಮಿಷದಲ್ಲಿ ಯಾರು ಬೇಕಾದರೂ ಹೊಡೆಯಬಹುದು. ತಂಡದವರೊಬ್ಬರು ತಮ್ಮ ಹಡಗನ್ನು ನನ್ನ ಮತ್ತು ಶತ್ರುಗಳ ನಡುವೆ ತಂದು ನಿಲ್ಲಿಸಿ ಏಟು ತಿನ್ನುತ್ತಾ ಹೋದರು. ಗಡಿಯಾರ ಹಿಡಿದವರು ಇನ್ನೂ ಒಂದು ನಿಮಿಷ ಅನ್ನುತ್ತಿದ್ದಾಗ ನನ್ನ ಹಡಗಿನ ಹಿಂಭಾಗ ನೀರಿಗೆ ತಾಗಿತು. ಕಾಲುವೆ ತನ್ನ ಕೆಲಸ ಮಾಡಿತ್ತು, ಹಡಗು ಒಂದಿಷ್ಟೂ ವಾಲದೆ, ನೆಟ್ಟಗೆ, ಹಿಂಭಾಗ ಮೊದಲಾಗಿ ಇಳಿಯಿತು. ಬೆಂಡು ಮೇಲೆ ಬಂತು. ಎರಡೂ ತಂಡದವರು ಚಪ್ಪಾಳೆ ತಟ್ಟಿದರು. ಮುಳುಗಿದ ಪ್ರತಿ ಹಡಗಿಗೂ ಚಪ್ಪಾಳೆ ತಟ್ಟುವುದು ಇಲ್ಲಿನ ರೂಢಿ.

ಸೊಂಟದ ತನಕ ನೀರಿಗಿಳಿದು, ದಾರ ಹಿಡಿದುಕೊಂಡು ಹೋಗಿ, ಕೆಸರಿಂದ ನಿಧಾನಕ್ಕೆ ಎತ್ತಬೇಕು. ಒಮ್ಮೆಲೇ ಎತ್ತಿದರೆ ಒಳಗಿನ ನೀರಿನ ಭಾರಕ್ಕೆ ಒಡಲೇ ಸೀಳಬಹುದು. ಮೇಲಕ್ಕೆ ಬರುತ್ತಾ ಬರುತ್ತಾ ತೂತುಗಳಿಂದ ನೀರು ಸುರಿಯುವುದಕ್ಕೆ ಬಿಡಬೇಕು. ದಡಕ್ಕೆ ತಂದ ಕೂಡಲೇ ಬ್ಯಾಟರಿ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಮೋಟಾರಿಗೆ ಡಬ್ಲ್ಯೂಡಿ-40 ಹೊಡೆದು, ಗಾಳಿಗೆ ಇಡಬೇಕು. ಹೊಡೆದವರೇ ಬಂದು ತೂತು ಎಣಿಸುವುದಕ್ಕೆ ಕೂರುತ್ತಾರೆ, ಅಂಟು, ಕಾಗದ ತಂದುಕೊಡುತ್ತಾರೆ. ನನ್ನ ಹಡಗಿನ ಎಡಭಾಗಕ್ಕೆ ಅಷ್ಟು ತೂತು ಮಾಡಿದವರೇ ತಮ್ಮ ಹತ್ತಿರ ಮಿಕ್ಕಿದ್ದ ಬಾಲ್ಸಾ ಹಾಳೆ ಕೊಟ್ಟು, ಆ ಜಾಗಕ್ಕೆ ತೇಪೆ ಹಾಕುವುದು ಹೇಗೆ ಅಂತ ಕೂತು ತೋರಿಸಿದರು. ಸಣ್ಣ ತೂತಿಗೆ ಕಾಗದ, ಅಂಟು ಸಾಕು. ಹತ್ತಿರ ಹತ್ತಿರ ಐದಾರು ತೂತು ಬಿದ್ದರೆ ಆ ಚೌಕವನ್ನೇ ಕೊಯ್ದು ಹೊಸ ಹಾಳೆ ಕೂರಿಸಬೇಕು. ಋತು ಮುಗಿದ ಮೇಲೆ ಪೂರ್ತಿ ಹೊದಿಕೆ ಕಿತ್ತು ಹೊಸದು ಹಾಕುತ್ತೇವೆ.

ಮನಸ್ಸು ಹೇಗೆ ಬರುತ್ತೆ ಅಂತ ಕೇಳುವವರಿಗೆ ನಾನು ಈ ತೇಪೆಗಳನ್ನೇ ತೋರಿಸುತ್ತೇನೆ. ಮುಳುಗಿದ್ದು ಹಾಳಾಗಲಿಲ್ಲ. ಹಾಳಾಗುವ ಭಾಗ ಯಾವುದು, ಉಳಿಯಬೇಕಾದ ಭಾಗ ಯಾವುದು ಅಂತ ಕಟ್ಟುವಾಗಲೇ ಬೇರೆ ಮಾಡಿ ಇಟ್ಟಿರುತ್ತೇವೆ. ಗಾಜಿನ ಪೆಟ್ಟಿಗೆಯಲ್ಲಿಡುವ ಮಾದರಿಗಳನ್ನು ಕಟ್ಟುವವರ ಕೈಚಳಕ ನನಗೆ ಇಷ್ಟ, ಅವರ ಕೆಲಸ ನಮಗಿಂತ ಎಷ್ಟೋ ನಾಜೂಕು. ಆದರೆ ಹಡಗು ಯಾಕೆ ತೇಲುತ್ತದೆ, ಯಾಕೆ ವಾಲುತ್ತದೆ, ಯಾಕೆ ಕೊನೆಯ ಗಳಿಗೆಯಲ್ಲಿ ಕೈಬಿಡುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ನೀರು ಒಳಗೆ ಬಂದಾಗಲೇ.

ಮುಂದಿನ ಕಾಳಗಕ್ಕೆ ಹಿಂಭಾಗದಲ್ಲಿ ನೀರು ಬೇಗ ಪಂಪಿನ ಕಡೆ ಬರಲಿ ಅಂತ ಕಾಲುವೆಯ ಇಳಿಜಾರು ಜಾಸ್ತಿ ಮಾಡಿದೆ, ಗ್ಯಾಸ್ ಸಿಲಿಂಡರನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ. ಆ ಸಲ ಐದು ಕೂಗಿ, ಐದೂ ನಿಮಿಷ ಉಳಿದು, ಹಡಗನ್ನು ಕೈಯಲ್ಲೇ ಎತ್ತಿಕೊಂಡು ಬಂದೆ. ಈಗ ಸರಕು ಹಡಗುಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಕಾವಲಿದ್ದು ದಾಟಿಸುವ ಆಟಕ್ಕೆ ತಯಾರಿ ನಡೆಯುತ್ತಿದೆ. ಅದರಲ್ಲಿ ಫಿರಂಗಿಯೇ ಇಲ್ಲದ ಒಂದು ಸರಕು ಹಡಗು ನನ್ನ ಪಾಲಿಗೆ ಬಂದಿದೆ. ಅದರ ತಳದ ಕಾಲುವೆ ಈಗಾಗಲೇ ಮುಗಿದಿದೆ, ಡೆಕ್ ಇನ್ನೂ ಆಗಬೇಕು.